ಮನೆಗೆ, ಆಫೀಸಿಗೆ ಯಾವ ಅಕ್ವೇರಿಯಂ? ಮೊದಲು ಬಕೆಟ್ ಲೆಕ್ಕ ಹಾಕಿ

ಡೊಂಬಿವಿಲಿಯ ನಮ್ಮ ಮನೆಯ ಹಾಲ್‌ನಲ್ಲಿ ಮೂರು ಅಡಿಯ ಟ್ಯಾಂಕ್ ಇದೆ. ಮನೆಗೆ ಬಂದವರು ಚಹಾ ಮುಗಿಸುವಷ್ಟರಲ್ಲಿ ಅದರ ಮುಂದೆ ಹೋಗಿ ನಿಂತಿರುತ್ತಾರೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: "ನಾವೂ ಒಂದು ಇಡಬೇಕು ಅಂತಿದ್ದೇವೆ, ಯಾವ ಮೀನು ತಗೊಳ್ಳೋಣ?" ನಾನು ತಿರುಗಿ ಕೇಳುವುದೂ ಒಂದೇ: "ಭಾನುವಾರ ಬೆಳಿಗ್ಗೆ ಎಷ್ಟು ಬಕೆಟ್ ನೀರು ಹೊರಲು ತಯಾರಿದ್ದೀರಿ?"

ಹೌದು, ಮೀನು ಕೊನೆಗೆ ಆರಿಸುವುದು. ಮೊದಲು ಬಕೆಟ್, ಆಮೇಲೆ ಗೋಡೆ, ಆಮೇಲೆ ನಿಮ್ಮ ನಲ್ಲಿಯ ನೀರು, ಅದಾದ ಮೇಲೆ ಟ್ಯಾಂಕಿನ ಬಗೆ. ಈ ಕ್ರಮ ತಲೆಕೆಳಗಾದ ಮನೆಗಳಲ್ಲೇ ಮೀನು ಸಾಯುವುದನ್ನು ನೋಡಿದ್ದೇನೆ. ಆರು ತಿಂಗಳಲ್ಲಿ ಖಾಲಿ ಟ್ಯಾಂಕ್ ಬಾಲ್ಕನಿ ಸೇರಿರುತ್ತದೆ, ಒಳಗೆ ಹಳೆಯ ಚಪ್ಪಲಿ ತುಂಬಿರುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಬಕೆಟ್ ಲೆಕ್ಕ

ಮೀನು ಕಿವಿರಿನಿಂದಲೂ ಮಲದಿಂದಲೂ ಅಮೋನಿಯಾ ಬಿಡುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಮೂರನೆಯದು ಅಷ್ಟು ಕೆಟ್ಟದ್ದಲ್ಲ, ಆದರೆ ದಿನದಿನ ಸೇರುತ್ತಲೇ ಹೋಗುತ್ತದೆ. ಅದನ್ನು ಹೊರಗೆ ಹಾಕಲು ಇರುವ ನೇರ ದಾರಿ ಎಂದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕುವುದು. ಎಷ್ಟೇ ದುಬಾರಿ ಫಿಲ್ಟರ್ ತಂದರೂ ಈ ಕೆಲಸ ತಪ್ಪುವುದಿಲ್ಲ.

ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. ಅಷ್ಟು ಲೀಟರ್. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗೆ 56 ಲೀಟರ್, ಅದರ ಕಾಲು ಭಾಗ 14 ಲೀಟರ್, ಅಂದರೆ ವಾರಕ್ಕೆ ಒಂದು ಬಕೆಟ್. 3 ಅಡಿ, 1 ಅಡಿ, ಒಂದೂವರೆ ಅಡಿಗೆ 126 ಲೀಟರ್, ಎರಡು ಬಕೆಟ್. 4 ಅಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರಕ್ಕೆ 252 ಲೀಟರ್, ನಾಲ್ಕು ಬಕೆಟ್. ಇದು ಒಳಗೆ ಹಾಕುವ ಲೆಕ್ಕ. ಅಷ್ಟೇ ಹೊರಗೂ ಹೋಗಬೇಕು ಅಲ್ವಾ, ಅಂದರೆ ಎರಡರಷ್ಟು ಓಡಾಟ. ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುವ ಬಿಲ್ಡಿಂಗಿನಲ್ಲಿ, ಮನೆಯವರ ಸ್ನಾನ, ಬಟ್ಟೆ ಎಲ್ಲ ನಡೆಯುವಾಗ, ನಾಲ್ಕು ಬಕೆಟ್ ಮೀನಿಗೆ ಮೀಸಲಿಡಲು ಆಗುತ್ತದಾ ಎಂದು ಮನೆಯಲ್ಲಿ ಮೊದಲೇ ಕೂತು ಮಾತಾಡಿ.

ಹಾಗಾದರೆ ಚಿಕ್ಕ ಟ್ಯಾಂಕೇ ಸುಲಭ ಎನಿಸಬಹುದು. ಅಲ್ಲ. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. 10 ಲೀಟರಿನಲ್ಲಿ ಒಂದು ಮೀನು ಸತ್ತು ಸಂಜೆವರೆಗೆ ಯಾರೂ ನೋಡದಿದ್ದರೆ ಉಳಿದವಕ್ಕೂ ಅಪಾಯ, 100 ಲೀಟರಿನಲ್ಲಿ ಸ್ವಲ್ಪ ಸಮಯ ಸಿಗುತ್ತದೆ. ಬಿಸಿಯೂ ಹಾಗೆಯೇ, ಚಿಕ್ಕ ಟ್ಯಾಂಕ್ ಬೇಗ ಕಾಯುತ್ತದೆ. ಮೊದಲ ಸಲ ಇಡುವವರಿಗೆ ಎರಡು ಅಡಿಗಿಂತ ಚಿಕ್ಕದು ಬೇಡ ಎನ್ನುತ್ತೇನೆ. ಜಾಗ ಇದ್ದರೆ ಮೂರು ಅಡಿ. ನಮ್ಮಂಥ ಒನ್ ಬಿಎಚ್‌ಕೆ ಮನೆಗಳಿಗೆ ಅದು ಸರಿಯಾದ ಅಳತೆ.

ಯಾವ ಗೋಡೆ

ಒಂದು ಲೀಟರ್ ನೀರು ಒಂದು ಕಿಲೋ. ಅದರ ಮೇಲೆ ಗಾಜು, ಜಲ್ಲಿ, ಕಲ್ಲು, ಸ್ಟ್ಯಾಂಡ್. ಮೂರಡಿಯ ಟ್ಯಾಂಕ್ ಎಲ್ಲ ಸೇರಿ 180 ಕಿಲೋ ದಾಟುತ್ತದೆ, ನಾಲ್ಕಡಿಯದು 350ರ ಮೇಲೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಹಿಡಿದು ವಿನ್ಯಾಸ ಮಾಡಿರುತ್ತಾರೆ. ಹಾಗಂತ ಮೂರಡಿಯ ಟ್ಯಾಂಕಿಗೆ ಸ್ಲ್ಯಾಬ್ ಕುಸಿಯುತ್ತದೆ ಎಂದಲ್ಲ, ಭಾರ ಅಕ್ಕಪಕ್ಕಕ್ಕೂ ಹಂಚಿಹೋಗುತ್ತದೆ. ಆದರೂ ಕೋಣೆಯ ನಡುವೆ ಇಡಬೇಡಿ. ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ, ಉದ್ದಕ್ಕೆ ಇಡಿ. ನಾಲ್ಕಡಿ ದಾಟಿದರೆ ಸೊಸೈಟಿಗೆ ಬರುವ ಇಂಜಿನಿಯರ್ ಒಬ್ಬರನ್ನು ಕೇಳಿಬಿಡಿ. ಗಿರ್ಗಾಂವ್ ಕಡೆಯ ಹಳೇ ಚಾಳುಗಳಲ್ಲಿ ಮರದ ನೆಲ ಇರುತ್ತದೆ, ಅಲ್ಲಿ ಎರಡಡಿಗಿಂತ ದೊಡ್ಡದರ ಆಸೆ ಬೇಡ.

ನೇರ ಬಿಸಿಲು ಬೀಳುವ ಕಿಟಕಿ ಬೇಡ, ಪಾಚಿ ಕಟ್ಟುತ್ತದೆ. ಅಡುಗೆಮನೆಗೆ ತಾಗಿದ ಜಾಗ ಬೇಡ, ಒಗ್ಗರಣೆಯ ಜಿಡ್ಡು ನೀರಿನ ಮೇಲೆ ತೆಳ್ಳಗೆ ಪದರ ಕಟ್ಟುತ್ತದೆ. ದೇವರ ಮೂಲೆಯ ಪಕ್ಕವೂ ಬೇಡ, ಊದುಬತ್ತಿಯ ಹೊಗೆಯನ್ನು ಏರ್ ಪಂಪ್ ಎಳೆದುಕೊಳ್ಳುತ್ತದೆ. ಟ್ಯಾಂಕಿನ ಮೇಲೆ ಒಂದೂವರೆ ಅಡಿ ಖಾಲಿ ಇರಲಿ, ಇಲ್ಲದಿದ್ದರೆ ಕೈ ಒಳಗೆ ಹೋಗುವುದಿಲ್ಲ, ಕೈ ಹೋಗದ ಟ್ಯಾಂಕನ್ನು ಯಾರೂ ತೊಳೆಯುವುದಿಲ್ಲ.

ಏರ್ ಪಂಪ್ ಮಾತು ಬಂತಲ್ಲ, ಒಂದು ಘಟನೆ ಹೇಳಲೇಬೇಕು. ಘಾಟ್ಕೋಪರಿನಲ್ಲಿ ನಮ್ಮ ಭಾವನ ಹೋಟೆಲ್. ಕ್ಯಾಶ್ ಕೌಂಟರ್ ಪಕ್ಕದಲ್ಲಿ ಮೂರಡಿಯ ಟ್ಯಾಂಕ್ ಇಟ್ಟಿದ್ದರು, ನಾನೇ ಕೂಡಿಸಿಕೊಟ್ಟದ್ದು. ಊಟಕ್ಕೆ ಬಂದ ಮಕ್ಕಳು ದೋಸೆ ಬರುವವರೆಗೆ ಅದಕ್ಕೆ ಮೂಗು ಒತ್ತಿ ನಿಲ್ಲುತ್ತಿದ್ದವು. ಮಳೆಗಾಲದ ಒಂದು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಜಿರಳೆಗೆ ಔಷಧ ಹೊಡೆಸಿದರು. ಟ್ಯಾಂಕಿಗೆ ಮುಚ್ಚಳ ಇತ್ತು, ಮೇಲೆ ಎರಡು ಪದರ ಪೇಪರನ್ನೂ ಹೊದಿಸಿದ್ದರು. ಆದರೆ ಪಂಪ್ ಓಡುತ್ತಲೇ ಇತ್ತು. ಪಂಪ್ ಎಂದರೆ ಕೋಣೆಯ ಗಾಳಿಯನ್ನು ಎಳೆದು ನೀರೊಳಗೆ ಬಿಡುವ ಯಂತ್ರ, ರಾತ್ರಿಯಿಡೀ ಅದು ಅದನ್ನೇ ಮಾಡಿತು. ಬೆಳಿಗ್ಗೆ ಐದಕ್ಕೆ ಇಡ್ಲಿ ಹಿಟ್ಟು ತೆಗೆಯಲು ಬಂದ ಹುಡುಗ ಲೈಟ್ ಹಾಕಿದಾಗ ಆರು ಏಂಜೆಲ್ ಮೀನುಗಳೂ ಅಡ್ಡ ಮಲಗಿ ತೇಲುತ್ತಿದ್ದವು, ಬಾಯಿ ತೆರೆದುಕೊಂಡು. ಭಾವ ಫೋನ್ ಮಾಡಿ "ಒಮ್ಮೆ ಬಾ ಮಾರಾಯ" ಎಂದಷ್ಟೇ ಹೇಳಿದರು. ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳು ಮನುಷ್ಯರಿಗಿಂತ ಮೀನಿಗೆ ತುಂಬಾ ಜಾಸ್ತಿ ವಿಷ. ಸೊಳ್ಳೆಯ ಕಾಯಿಲ್, ಲಿಕ್ವಿಡ್, ಸ್ಪ್ರೇಗಳಲ್ಲೂ ಇರುವುದು ಹೆಚ್ಚಾಗಿ ಇದೇ ಗುಂಪು. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆ ಪರದೆ ಹಾಕಿಸಿ. ಜಿರಳೆಗೆ ಸ್ಪ್ರೇ ಬದಲು ಮೂಲೆಮೂಲೆಗೆ ಚುಕ್ಕೆ ಇಡುವ ಜೆಲ್ ಮಾಡಿಸಿ. ಸ್ಪ್ರೇ ಹೊಡೆಯಲೇಬೇಕಾದರೆ ಪಂಪ್ ನಿಲ್ಲಿಸಿ, ಟ್ಯಾಂಕನ್ನು ಒದ್ದೆ ಬಟ್ಟೆ ಮತ್ತು ಪ್ಲಾಸ್ಟಿಕ್‌ನಿಂದ ಬಿಗಿಯಾಗಿ ಮುಚ್ಚಿ, ಕಿಟಕಿ ತೆರೆದು ವಾಸನೆ ಹೋದ ಮೇಲೆ ಪಂಪ್ ಹಾಕಿ. ಅಷ್ಟು ಹೊತ್ತು ಗಾಳಿಯಿಲ್ಲದೆ ಇರಬೇಕಲ್ಲ, ಅದಕ್ಕೇ ಟ್ಯಾಂಕಿನಲ್ಲಿ ಮೀನು ಕಡಿಮೆ ಇದ್ದಷ್ಟೂ ಒಳ್ಳೆಯದು.

ನಿಮ್ಮ ನಲ್ಲಿಯಲ್ಲಿ ಯಾವ ನೀರು

ಮುಂಬೈ ನಗರಕ್ಕೆ ನೀರು ಬರುವುದು ಭಾತ್ಸಾ, ತಾನ್ಸಾ, ವೈತರಣಾ, ಮೋಡಕ್ ಸಾಗರ್, ವಿಹಾರ್, ತುಳಸಿ ಈ ಕೆರೆ ಅಣೆಕಟ್ಟುಗಳಿಂದ. ಮಳೆಯ ನೀರು, ಆದ್ದರಿಂದ ಮೆದು, ಉಪ್ಪಿನಂಶ ಕಡಿಮೆ. ಬೆಟ್ಟಾ, ಟೆಟ್ರಾ, ಏಂಜೆಲ್, ಗೌರಾಮಿ ಮೀನುಗಳು, ಗಿಡಗಳು, ಇವೆಲ್ಲಕ್ಕೂ ಇದು ಹೇಳಿ ಮಾಡಿಸಿದ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ, ಬೋರ್‌ವೆಲ್ ಬೆರೆಸುವ ಬಿಲ್ಡಿಂಗ್ ಆದರೆ ಕಥೆ ಬೇರೆ. ಬಕೆಟ್, ನಲ್ಲಿಯ ಮೇಲೆ ಬಿಳಿ ಕಲೆ ಕೂರುತ್ತಿದೆಯಾ? ಸೋಪು ನೊರೆ ಬರುವುದಿಲ್ಲವಾ? ಅದು ಗಡಸು ನೀರು. ಅದಕ್ಕೆ ಗಪ್ಪಿ, ಮೋಲಿ, ಪ್ಲಾಟಿ ಒಗ್ಗುತ್ತವೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೂ ಗಡಸು ನೀರೇ ಬೇಕು. ನೀರಿಗೆ ತಕ್ಕ ಮೀನು ತನ್ನಿ, ಮೀನಿಗೆ ತಕ್ಕಂತೆ ನೀರು ಬದಲಿಸಲು ಹೋಗಬೇಡಿ, ವಾರ ವಾರ ಅದು ಮುಗಿಯದ ಕೆಲಸ. ಕುಡಿಯುವ ಆರ್‌ಓ ನೀರು ತುಂಬಿಸಿದರೆ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಬೇಡ, ಅದರಲ್ಲಿ ಮೀನಿಗೆ ಬೇಕಾದ ಖನಿಜವೇ ಹೋಗಿರುತ್ತದೆ.

ಕಾರ್ಪೊರೇಶನ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ.

ಇನ್ನು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಇಲ್ಲದ ಹಾಲ್‌ನಲ್ಲಿ ನನ್ನ ಟ್ಯಾಂಕ್ 31 ಡಿಗ್ರಿ ಮುಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮುಚ್ಚಳ ತೆಗೆದು ಜಾಲರಿ ಹಾಕಿ ಚಿಕ್ಕ ಫ್ಯಾನ್ ಒಂದನ್ನು ನೀರಿನ ಮೇಲೆ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಹೀಟರ್ ಮುಂಬೈಗೆ ಬಹುತೇಕ ಬೇಡವೇ ಬೇಡ, ಅಂಗಡಿಯವರು ಸೆಟ್‌ನಲ್ಲಿ ಸೇರಿಸಿ ಕೊಟ್ಟರೂ ಬಿಟ್ಟು ಬನ್ನಿ. ಪುಣೆಯವರಿಗೆ ಬೇಕು, ಡಿಸೆಂಬರ್ ರಾತ್ರಿಯ ಚಳಿ ಅಲ್ಲಿ ಬೇರೆಯೇ. ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ ತಗೊಂಡರೆ ಸಾಕು.

ಈಗ ಟ್ಯಾಂಕಿನ ಬಗೆ

ಗಾಜಿನ ಬೋಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೆಚ್ಚು ಮಾರಾಟ ಆಗುವುದೂ ಅದೇ, ಹೆಚ್ಚು ಮೀನು ಸಾಯುವುದೂ ಅದರಲ್ಲೇ. ಐದು ಲೀಟರ್ ನೀರು, ಎರಡು ಗೋಲ್ಡ್ ಫಿಶ್, ಫಿಲ್ಟರ್ ಇಲ್ಲ. ಗೋಲ್ಡ್ ಫಿಶ್ ಅಂಗೈಯಷ್ಟು ಬೆಳೆಯುವ ಮೀನು, ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುತ್ತದೆ, ತಣ್ಣನೆಯ ನೀರು ಇಷ್ಟ, ಮತ್ತು ಬಹಳ ಹೊಲಸು ಮಾಡುತ್ತದೆ. ಅದನ್ನು ಬೋಲ್‌ನಲ್ಲಿ ಹಾಕುವುದು ತಪ್ಪು, ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಗೋಲ್ಡ್ ಫಿಶ್ ಬೇಕೆಂದರೆ ಮೂರಡಿಯ ಟ್ಯಾಂಕ್, ಎರಡು ಅಥವಾ ಮೂರು ಮೀನು, ಜೋರಾದ ಫಿಲ್ಟರ್.

ಜಾಗವೇ ಇಲ್ಲ, ಟೇಬಲ್ ಮೇಲೆ ಒಂದು ಮೂಲೆ ಮಾತ್ರ ಎನ್ನುವವರಿಗೆ ಒಂದು ಬೆಟ್ಟಾ. 20 ಲೀಟರಿನ ಟ್ಯಾಂಕ್, ಚಿಕ್ಕ ಸ್ಪಾಂಜ್ ಫಿಲ್ಟರ್, ಎರಡು ಮೂರು ಗಿಡ, ಮುಚ್ಚಳ. ಒಂದೇ ಗಂಡು, ಇನ್ನೊಂದು ಗಂಡು ಹಾಕಿದರೆ ಕಚ್ಚಾಡಿ ಸಾಯುತ್ತವೆ. ಬೆಟ್ಟಾ ಮೇಲೆ ಬಂದು ಗಾಳಿ ನುಂಗಬಲ್ಲದು, ಅದಕ್ಕೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಇಟ್ಟಿರುತ್ತಾರೆ. ಆದರೆ ಅದು ಬದುಕುವ ಜಾಗ ಲೋಟ ಅಲ್ಲ.

ಮನೆಗೆ ನಾನು ಮನಸಾರೆ ಹೇಳುವುದು ಗಿಡ ನೆಟ್ಟ ಟ್ಯಾಂಕ್, ಅದೂ ಸರಳವಾದದ್ದು. ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಗೊಂಬೆ ಬೇಡ. ಅನುಬಿಯಾಸ್, ಜಾವಾ ಫರ್ನ್ ಇವೆರಡನ್ನು ಮಣ್ಣಿನಲ್ಲಿ ನೆಡಬೇಕಾಗಿಲ್ಲ, ಮರದ ತುಂಡಿಗೆ ದಾರದಲ್ಲಿ ಕಟ್ಟಿದರೆ ಬೇರು ಹಿಡಿಯುತ್ತವೆ. ಹಿಂದಿನ ಸಾಲಿಗೆ ವ್ಯಾಲಿಸ್ನೇರಿಯಾ, ನಮ್ಮ ದೇಶದ ಕೆರೆಗಳಲ್ಲೂ ಬೆಳೆಯುವ ಉದ್ದನೆಯ ಹುಲ್ಲಿನಂಥ ಗಿಡ. ಗಿಡಗಳು ಅಮೋನಿಯಾ, ನೈಟ್ರೇಟ್ ಎರಡನ್ನೂ ಹೀರುತ್ತವೆ, ಅಂದರೆ ನಿಮ್ಮ ಕೆಲಸದಲ್ಲಿ ಪಾಲು ತಗೊಳ್ಳುತ್ತವೆ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಟ್ಟು ಮಾಡುವ ದೊಡ್ಡ ಆಕ್ವಾಸ್ಕೇಪ್, ಅಂದರೆ ನೀರೊಳಗಿನ ತೋಟ, ಸುಂದರ, ಆದರೆ ಅದು ಎರಡನೆಯ ಟ್ಯಾಂಕಿಗೆ ಇರಲಿ. ಎರಡಡಿಯ ಗಿಡದ ಟ್ಯಾಂಕಿಗೆ ಎಂಟು ಹತ್ತು ಗಪ್ಪಿ ಸಾಕು, ಬರೀ ಗಂಡು ತಗೊಳ್ಳಿ, ಇಲ್ಲದಿದ್ದರೆ ಮೂರು ತಿಂಗಳಲ್ಲಿ ಮರಿ ತುಂಬಿಕೊಳ್ಳುತ್ತವೆ. ಮೂರಡಿಯದಾದರೆ ಕಾರ್ಡಿನಲ್ ಟೆಟ್ರಾದ ಹಿಂಡು, ಜೊತೆಗೆ ಒಂದು ಜೋಡಿ ಹನಿ ಗೌರಾಮಿ. ನಿಯಾನ್ ಟೆಟ್ರಾ ಅಗ್ಗ ಎಂದು ಅದನ್ನು ತರಬೇಡಿ, ಮುಂಬೈ ಬೇಸಿಗೆ ಅದಕ್ಕೆ ತಡೆಯುವುದಿಲ್ಲ. ಕಾರ್ಡಿನಲ್ ನೋಡಲು ಹಾಗೆಯೇ, ಕೆಂಪು ಪಟ್ಟಿ ಮಾತ್ರ ಇನ್ನೂ ಉದ್ದ, ಮತ್ತು ಬಿಸಿ ತಡೆಯುತ್ತದೆ.

ಟ್ಯಾಂಕ್ ತೊಳೆಯುತ್ತದೆ ಎಂದು ಹೇಳಿ ಒಂದು ಸಕರ್ ಫಿಶ್ ಕೈಗೆ ಕೊಡುತ್ತಾರೆ. ಎರಡಿಂಚು ಇರುವ ಅದು ಒಂದಡಿ ಮೀರಿ ಬೆಳೆಯುತ್ತದೆ. ಕೆರೆಗೆ ಬಿಟ್ಟರೆ ಅಲ್ಲಿಯ ಮೀನಿಗೂ ತೊಂದರೆ. ಬೇಡ ಎಂದು ಹೇಳಿ.

ನಮ್ಮ ಊರ ಕಡೆಯವರಿಗೆ ಒಂದು ಮಾತು. ಮೈಮೇಲೆ ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ ಇರುವ "ಮಿಸ್ ಕೇರಳ" ಮೀನು ಅಂಗಡಿಗಳಲ್ಲಿ ಇರುತ್ತದೆ. ಅದು ಪಶ್ಚಿಮ ಘಟ್ಟದ ಹೊಳೆಗಳ ಮೀನು, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹರಿಯುವ ತಣ್ಣನೆ ನೀರು, ನಾಲ್ಕಡಿ ಉದ್ದ, ಹಿಂಡು ಬೇಕು. ಹೊಳೆಯಿಂದ ಹಿಡಿದದ್ದಲ್ಲ, ಸಾಕಿ ಮರಿ ಮಾಡಿಸಿದ್ದು ಎಂದು ಖಾತ್ರಿಯಾದರೆ ಮಾತ್ರ ಯೋಚಿಸಿ.

ದೊಡ್ಡ ಮೀನಿನ ಟ್ಯಾಂಕ್ ಆಫೀಸಿನವರ ಆಸೆ. "ಅರೊವಾನಾ ಇಟ್ಟರೆ ವಾಸ್ತುವಿಗೆ ಒಳ್ಳೆಯದಂತೆ" ಎಂದು ಭಾವನೂ ಹೇಳಿದ್ದರು. ನಂಬಿಕೆ ಅವರವರದ್ದು, ನನ್ನ ಲೆಕ್ಕ ಅಳತೆಯದ್ದು. ಸಿಲ್ವರ್ ಅರೊವಾನಾ ಎರಡು ಅಡಿ ದಾಟುತ್ತದೆ. ಆರು ಅಡಿ ಉದ್ದ, ಎರಡು ಅಗಲ, ಎರಡು ಎತ್ತರದ ಟ್ಯಾಂಕ್ ಕನಿಷ್ಠ. ಅದು 672 ಲೀಟರ್, ವಾರಕ್ಕೆ ಹತ್ತಕ್ಕೂ ಮೇಲೆ ಬಕೆಟ್. ಹಾರುವ ಮೀನು ಬೇರೆ, ಮುಚ್ಚಳ ಗಟ್ಟಿ ಇರಬೇಕು. ಫ್ಲವರ್‌ಹಾರ್ನ್ ಆದರೆ ನಾಲ್ಕಡಿ, ಒಂಟಿಯಾಗಿ. ರೆಡ್ ಟೇಲ್ ಕ್ಯಾಟ್ ಫಿಶ್ ಎಂದು ಎರಡು ಮೂರು ಇಂಚಿನ ಮರಿ ಮಾರುತ್ತಾರೆ, ಅದು ಬೆಳೆದರೆ ಮೂರಡಿ ದಾಟುತ್ತದೆ. ಯಾವ ಮನೆಗೂ ಅಲ್ಲ, ಯಾವ ಆಫೀಸಿಗೂ ಅಲ್ಲ.

ಸಮುದ್ರದ ಟ್ಯಾಂಕ್ ಬಗ್ಗೆ ಕೇಳದವರಿಲ್ಲ. 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯಕ್ಕೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು, ಆ ಕತ್ತಲೆ ಓಣಿ, ನೀಲಿ ಬೆಳಕು ಇನ್ನೂ ಕಣ್ಣಲ್ಲಿದೆ. ಆದರೆ ಮನೆಯಲ್ಲಿ ಲೀಟರಿಗೆ 35 ಗ್ರಾಂ ಉಪ್ಪು, 200 ಲೀಟರಿಗೆ 7 ಕಿಲೋ, ಅದೂ ಅಂಗಡಿಯ ಅಡುಗೆ ಉಪ್ಪಲ್ಲ, ಇದಕ್ಕೆಂದೇ ತಯಾರಿಸಿದ್ದು. ನೀರು 25 ಡಿಗ್ರಿ ಆಸುಪಾಸು ಇರಬೇಕು, ಅಂದರೆ ಮುಂಬೈಯಲ್ಲಿ ನೀರು ತಣ್ಣಗೆ ಮಾಡುವ ಚಿಲ್ಲರ್ ಬೇಕೇ ಬೇಕು. ಜುಹುವಿನಿಂದ ಕ್ಯಾನ್‌ನಲ್ಲಿ ನೀರು ತರುವ ಯೋಚನೆ ಬೇಡ, ಅದು ನಗರದ ಕೊಳೆ ಸೇರಿದ ನೀರು. ನಮ್ಮ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅವನ್ನು ಇಟ್ಟುಕೊಳ್ಳುವುದು ಅಪರಾಧ. ಸಿಹಿನೀರಿನಲ್ಲಿ ಎರಡು ಮೂರು ವರ್ಷ ಕೈ ಪಳಗಿದ ಮೇಲೆ ನೋಡಿ.

ಆಫೀಸಿಗೆ ಆದರೆ

ಆಫೀಸಿನಲ್ಲಿ ಮೊದಲ ಪ್ರಶ್ನೆ, ಟ್ಯಾಂಕ್ ಯಾರದ್ದು? "ಎಲ್ಲರದ್ದು" ಎಂದರೆ ಯಾರದ್ದೂ ಅಲ್ಲ, ಅಥವಾ ಐದು ಜನ ಐದು ಸಲ ಕಾಳು ಹಾಕುತ್ತಾರೆ. ಒಬ್ಬರ ಹೆಸರು ಬರೆದು ಅಂಟಿಸಿ, ಕಾಳಿನ ಡಬ್ಬಿ ಅವರ ಡ್ರಾಯರಿನಲ್ಲಿರಲಿ.

ಎರಡನೆಯದು ಕರೆಂಟ್. ಅಂಧೇರಿಯ ನನ್ನ ಹಳೇ ಆಫೀಸಿನಲ್ಲಿ ಇದನ್ನು ಕಲಿತೆ. ರಾತ್ರಿ ಎಲ್ಲರೂ ಹೋದ ಮೇಲೆ ವಾಚ್‌ಮನ್ ಮೇನ್ ಸ್ವಿಚ್ ಇಳಿಸುತ್ತಿದ್ದರು. ಅವರ ಕೆಲಸ ಅದು, ತಪ್ಪಿಲ್ಲ. ಬೆಳಿಗ್ಗೆ ಬಂದಾಗ ಮೀನೆಲ್ಲ ಮೇಲೆ ಬಂದು ಗಾಳಿ ನುಂಗುತ್ತಿದ್ದವು. ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯುತ್ತವೆ. ಸರ್ವರ್, ಫ್ರಿಜ್ ಯಾವ ಲೈನ್‌ನಲ್ಲಿದೆಯೋ ಅದೇ ಲೈನ್‌ಗೆ ಟ್ಯಾಂಕ್ ಹಾಕಿಸಿ. ಎಸಿ ಹಗಲು ಉಂಟು, ರಾತ್ರಿ ಇಲ್ಲ, ಹಾಗಾಗಿ ಬಿಸಿ ಏರಿಳಿತ ಕಡಿಮೆ ಮಾಡಲು ಮೂರಡಿಗಿಂತ ಚಿಕ್ಕದು ಬೇಡ. ಎಸಿ ಗಾಳಿ ನೇರವಾಗಿ ಬೀಳುವ ಜಾಗವೂ ಬೇಡ. ಶನಿವಾರ ಭಾನುವಾರ ಕಾಳು ಇಲ್ಲದಿದ್ದರೆ ಏನೂ ಆಗುವುದಿಲ್ಲ, ದೀಪಾವಳಿಯ ನಾಲ್ಕೈದು ದಿನವೂ ದೊಡ್ಡ ಮೀನು ತಡೆಯುತ್ತವೆ. ಹೋಗುವ ಮುಂಚೆ ಒಂದು ಹಿಡಿ ಜಾಸ್ತಿ ಹಾಕಿ ಹೋಗುವುದೇ ಅಪಾಯ.

ಗಾಜು, ಸ್ಟ್ಯಾಂಡ್, ಫಿಲ್ಟರ್

ಎರಡಡಿಗೆ 5 ಮಿಮೀ ಗಾಜು, ಒಂದೂವರೆ ಅಡಿ ಎತ್ತರದ ಮೂರಡಿಗೆ 8, ನಾಲ್ಕಡಿಗೆ 10. ನಿರ್ಧರಿಸುವುದು ಹೆಚ್ಚಾಗಿ ಎತ್ತರ, ಒತ್ತಡ ಅದರಿಂದ. ಸಪೂರ ಎತ್ತರದ ಟ್ಯಾಂಕಿಗಿಂತ ಉದ್ದ ಅಗಲದ್ದು ಒಳ್ಳೆಯದು, ನೀರಿಗೆ ಗಾಳಿ ಸೇರುವುದು ಮೇಲಿನ ಹರವಿನಿಂದ. ಸ್ಟ್ಯಾಂಡ್ ಕಬ್ಬಿಣದ ಆ್ಯಂಗಲ್ ಅಥವಾ ಒಳ್ಳೆಯ ಪ್ಲೈವುಡ್. ಪುಡಿ ಒತ್ತಿ ಮಾಡಿದ ಬೋರ್ಡ್ ನಮ್ಮ ಮಳೆಗಾಲದಲ್ಲಿ ಉಬ್ಬುತ್ತದೆ. ಟ್ಯಾಂಕ್ ಕೆಳಗೆ ಥರ್ಮಾಕೋಲ್ ಹಾಳೆ ಹಾಕಿ. ಎರಡಿಂಚು ನೀರು ತುಂಬಿ ನಾಲ್ಕೂ ಮೂಲೆಯಲ್ಲಿ ಸ್ಕೇಲ್ ಇಟ್ಟು ಅಳೆಯಿರಿ, ಸಮ ಇಲ್ಲದಿದ್ದರೆ ಸ್ಟ್ಯಾಂಡ್ ಕೆಳಗೆ ಸರಿಪಡಿಸಿ. ಆಮೇಲೆ ತುಂಬಿಸಿ ಎರಡು ದಿನ ಹಾಗೇ ಬಿಡಿ. ಸೋರಿದರೆ ಕೆಳಗಿನ ಮನೆಯ ಸೀಲಿಂಗ್‌ಗೆ ಹೋಗುತ್ತದೆ, ಅದಕ್ಕೇ ಈ ಪರೀಕ್ಷೆಯನ್ನು ಬಾತ್‌ರೂಮಿನಲ್ಲಿ ಮಾಡಿದರೆ ಇನ್ನೂ ಉತ್ತಮ.

ಎರಡಡಿಗೆ ಸ್ಪಾಂಜ್ ಫಿಲ್ಟರ್ ಧಾರಾಳ ಸಾಕು. ಮೂರಡಿಗೆ ಹಿಂದೆ ನೇತು ಹಾಕುವ ಹ್ಯಾಂಗ್ ಆನ್ ಅಥವಾ ಟಾಪ್ ಫಿಲ್ಟರ್, ನಾಲ್ಕಡಿಗೆ ಟ್ಯಾಂಕಿನ ಹೊರಗೆ ಡಬ್ಬಿಯಂತೆ ಕೂರುವ ಕ್ಯಾನಿಸ್ಟರ್. ಟ್ಯಾಂಕಿನ ನೀರನ್ನು ಗಂಟೆಗೆ ನಾಲ್ಕೈದು ಸಲ ತಿರುಗಿಸುವಷ್ಟು ಶಕ್ತಿ ಇರಲಿ. 15 ವಾಟ್‌ನ ಫಿಲ್ಟರ್ ತಿಂಗಳಿಡೀ ಓಡಿದರೂ ಸುಮಾರು 11 ಯೂನಿಟ್. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ತೆಗೆದ ಹಳೇ ನೀರಿನಲ್ಲೇ ಹಿಂಡಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ, ಕರೆಂಟ್ ಹೋದಾಗ ನೀರು ಹಿಂದೆ ಹರಿಯುತ್ತದೆ. ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗಲಿ, ಹನಿ ಅಲ್ಲೇ ಬೀಳುತ್ತದೆ. ಕೈ ಒಳಗೆ ಹಾಕುವಾಗ ಎಲ್ಲ ಸ್ವಿಚ್ ಆಫ್.

ತುಂಬಿಸಿ, ಕಾಯಿರಿ, ಆಮೇಲೆ ಮೀನು

ಫಿಲ್ಟರ್ ಓಡಿಸಿ, ದಿನಾ ಒಂದು ಚಿಟಿಕೆ ಕಾಳು ಹಾಕುತ್ತಾ ಹೋಗಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾ ಬರುತ್ತವೆ. ನಾಲ್ಕರಿಂದ ಆರು ವಾರ. ಗೆಳೆಯರ ಮನೆಯಲ್ಲಿ ಆರೋಗ್ಯವಾಗಿ ಓಡುತ್ತಿರುವ ಟ್ಯಾಂಕ್ ಇದ್ದರೆ ಅವರ ಸ್ಪಾಂಜಿನ ಕಂದು ನೀರನ್ನು ತಂದು ಸುರಿಯಿರಿ, ಬೇಗ ಆಗುತ್ತದೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ದಿನ ಅಂಗಡಿಗೆ ಹೋಗಿ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಹೋಗಬೇಡಿ, ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಕುರ್ಲಾ ಇರಲಿ, ಕ್ರಾಫರ್ಡ್ ಮಾರ್ಕೆಟ್ ಹಿಂದಿನ ಗಲ್ಲಿ ಇರಲಿ, ಬೆಳಿಗ್ಗೆ ಬೇಗ ಹೋಗಿ. ಅಂಗಡಿಯ ಟ್ಯಾಂಕಿನಲ್ಲಿ ಒಂದು ಸತ್ತ ಮೀನು ಕಂಡರೂ ಆ ಟ್ಯಾಂಕಿನದು ಬೇಡ. ರೆಕ್ಕೆ ಮಡಚಿಕೊಂಡಿರುವ, ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಇರುವ ಮೀನೂ ಬೇಡ. ಮೊದಲ ಸಲ ನಾಲ್ಕೈದು ಮಾತ್ರ. ಕವರನ್ನು ಬಟ್ಟೆಯ ಚೀಲದಲ್ಲಿ ಕತ್ತಲೆಯಲ್ಲಿಟ್ಟು, ಲೋಕಲ್ ಟ್ರೈನ್‌ನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ. ಮನೆಗೆ ಬಂದು ಟ್ಯಾಂಕಿನ ಲೈಟ್ ಆರಿಸಿ, ಕಟ್ಟಿದ ಕವರನ್ನು ಹಾಗೇ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಲು ಬಿಡಿ. ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ಟ್ಯಾಂಕಿನ ನೀರನ್ನು ಕವರಿಗೆ ಸೇರಿಸಿ. ಕೊನೆಗೆ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಒಳಗೆ ಬಿಡಿ, ಅಂಗಡಿಯ ನೀರನ್ನು ಮೋರಿಗೆ ಚೆಲ್ಲಿ. ಆ ರಾತ್ರಿ ಕಾಳು ಬೇಡ, ಲೈಟೂ ಬೇಡ. ಮರುದಿನ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ, ಒಂದೇ ಸಲ.